ಮರೊಲೊಪನ ಟವೆಲು

ಪಿಕಪ್ ಗಾಡಿಯಿಂದ ಡೋಲಿನ ಚೌಕಟ್ಟನ್ನು ಅರ್ಧ ಇಳಿಸಿದ್ದಾಗ ಓಂಪು ಗಾಬೆ ಅಜ್ಜನ ಊರುಗೋಲು ಅಡ್ಡ ಬಂತು.

"ಎತ್ತು. ವಾಪಸ್ ಮೇಲಕ್ಕೆ ಎತ್ತು," ಎಂದರು ಅಜ್ಜ.

ಸಹಾತ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಆರು ಡೋಲುಗಳ ಭಾರವನ್ನು ಎದೆಗೆ ಆನಿಸಿಕೊಂಡು, "ಅಜ್ಜ, ಕೈ ಕಿತ್ಕೊಂಡು ಬರ್ತಿದೆ. ಬೈಯೋದಾದ್ರೆ ಇಳಿಸಿದ ಮೇಲೆ ಬೈರಿ," ಎಂದ.

"ಯಾರ ಸಾವಿಗೆ ಬಂದಿದೀಯ ಅನ್ನೋ ಜ್ಞಾನ ಇದೆಯಾ ನಿನಗೆ? ಮದುವೆ ಇಲ್ಲ, ಮಕ್ಕಳಿಲ್ಲ. ಮೊಮ್ಮಕ್ಕಳ ಮುಖ ಕಂಡು ಹೋದೋರಿಗೆ ಮಾತ್ರ ಡೋಲು. ಹುಟ್ಟಿದಾಗಿಂದ ಬಾರಿಸ್ತಿರೋನಿಗೆ ಇದನ್ನೂ ನಾನೇ ಹೇಳ್ಕೊಡಬೇಕಾ?"

"ಬಾರಿಸೋಕೆ ತಂದಿಲ್ಲ ಅಜ್ಜ."

"ಮತ್ತೆ? ಬಿಸಿಲಿಗೆ ಒಣಗಿಸೋಕೆ ತಂದ್ಯಾ?"

ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ನಾಲ್ಕಾರು ಮಂದಿ ನಗು ಬಂದು ತುಟಿ ಕಚ್ಚಿಕೊಂಡರು. ಸಹಾತನ ಮುಖ ಮಾತ್ರ ಸಡಿಲಾಗಲಿಲ್ಲ. "ಅವನ ಜೊತೆ ಕೂತ್ಕೊಳ್ಳೋಕೆ ತಂದಿದೀವಿ. ಅಷ್ಟು ವರ್ಷ ಈ ಡೋಲುಗಳ ಬಾಯಿಗೆ ಮೈಕು ಇಟ್ಟೋನು ಅವನು. ಅವನು ಮಣ್ಣಿಗೆ ಹೋಗ್ತಿರೋವಾಗ ಇವು ಶೆಡ್ಡಲ್ಲಿ ಬಿದ್ದಿರಬೇಕಾ?"

ತಿಯೊಲಿನಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಹಿಂದೆ, ನಡುಮನೆಯಲ್ಲಿ, ತಮ್ಮ ಮರೊಲೊಪ್ ಪೆಟ್ಟಿಗೆಯೊಳಗೆ ಮಲಗಿದ್ದ. ಶನಿವಾರ ಪಕ್ಕದೂರಿನ ಸಾವಿನ ಮನೆಯಲ್ಲಿ ಮೈಕ್ ಸೆಟ್ಟಿನ ಕೆಲಸ ಮುಗಿಸಿ, ವಯರು ಸುತ್ತುತ್ತ ಕೂತವನು ಸುತ್ತು ಪೂರ್ತಿ ಮಾಡದೆ ಹಾಗೇ ಗೋಡೆಗೆ ಒರಗಿದ್ದ. ನಿದ್ದೆ ಹೋಗಿದ್ದಾನೆ ಎಂದುಕೊಂಡು ಆ ಮನೆಯವರು ಪಾಪ ಒಂದು ತಟ್ಟೆ ಅನ್ನವನ್ನೂ ಪಕ್ಕದಲ್ಲಿ ಮುಚ್ಚಿಟ್ಟಿದ್ದರಂತೆ.

ತೋಬಾ ಸರೋವರದ ಈ ದಡದಲ್ಲಿ ಮದುವೆಯಾಗಿ ಮಕ್ಕಳಾದ ಮೇಲೆ ಗಂಡಸಿಗೆ ತನ್ನ ಹೆಸರು ಉಳಿಯುವುದಿಲ್ಲ. ಇಂಥವನ ಅಪ್ಪ, ಇಂಥವಳ ಅಜ್ಜ ಎಂದೇ ಕರೆಯುತ್ತಾರೆ. ಓಂಪು ಗಾಬೆ ಎಂದರೂ ಗಾಬೆಯ ಅಜ್ಜ ಎಂದೇ. ಮರೊಲೊಪನಿಗೆ ಆ ಭಾಗ್ಯವಿಲ್ಲದ್ದರಿಂದ ಸೇಂದಿ ಅಂಗಡಿಯ ಪುಂಡರು ಅವನಿಗೆ 'ಸ್ಪೀಕರಪ್ಪ' ಎಂದು ಹೆಸರಿಟ್ಟರು. ಅವನು ಒಂದು ದಿನವೂ ಮುನಿಸಿಕೊಳ್ಳಲಿಲ್ಲ. "ನನ್ನ ಮಕ್ಕಳು ಹೇಳಿದ ಮಾತು ಕೇಳ್ತವೆ. ನಿಮ್ಮ ಮಕ್ಕಳು ಕೇಳ್ತವಾ?" ಎನ್ನುತ್ತಿದ್ದ.

ಓಂಪು ಗಾಬೆ ತಿಯೊಲಿನಾಳ ಕಡೆ ತಿರುಗಿದರು. ಊರಿಗೆಲ್ಲ ಅಜ್ಜನಾದರೂ ಅವಳಿಗೆ ಅವರು ದೊಡ್ಡಪ್ಪ. ಕುಲದ ಕಟ್ಟುಕಟ್ಟಳೆಗೆ ಅವರ ಮಾತೇ ಕೊನೆ. "ನೀನೇನಂತೀಯ ಮಗಳೇ?"

ಒಂದೇ ಒಂದು ಪೆಟ್ಟು ದೊಡ್ಡಪ್ಪ, ದೊಡ್ಡ ಡೋಲಿನ ಮೇಲೆ ಒಂದೇ ಪೆಟ್ಟು ಎಂದು ಕಾಲು ಹಿಡಿದುಬಿಡಬೇಕು ಅನ್ನಿಸಿತು ಅವಳಿಗೆ. ಸುತ್ತ ಹತ್ತೂರಿನ ಸಾವಿಗೆಲ್ಲ ದನಿ ಕೊಟ್ಟವನು ಒಂದು ಸದ್ದೂ ಇಲ್ಲದೆ ಹೋಗುತ್ತಿದ್ದಾನೆ ಎಂಬುದು ಎರಡು ದಿನದಿಂದ ಅವಳನ್ನು ಚುಚ್ಚುತ್ತಿತ್ತು. ಆದರೆ ಬಾಯಿ ಬಿಡುವಂತಿರಲಿಲ್ಲ. ಯಾಕೆ ಬಿಡುವಂತಿರಲಿಲ್ಲ ಎಂಬುದು ಅವಳಿಗೂ ಪೆಟ್ಟಿಗೆಯಲ್ಲಿದ್ದವನಿಗೂ ಮಾತ್ರ ಗೊತ್ತಿತ್ತು.

"ನೀವು ಹೇಳಿದ ಹಾಗೆ ದೊಡ್ಡಪ್ಪ," ಎಂದಳು.

ಅಜ್ಜ ಊರುಗೋಲನ್ನು ಹಿಂದಕ್ಕೆ ಎಳೆದುಕೊಂಡರು. "ಆಯ್ತು, ಇಳಿಸಿ. ಆದರೆ ಕೈಯಾಗಲಿ ಕೋಲಾಗಲಿ ಅದಕ್ಕೆ ತಾಕಕೂಡದು. ಮೈಕು ಪಾದ್ರಿಗಳ ಪ್ರಾರ್ಥನೆಗೆ, ಹಿರಿಯರ ಮಾತಿಗೆ. ಅಷ್ಟೇ."

ಸಹಾತನೂ ಅವನ ಜೊತೆಯ ವಾದ್ಯದವರೂ ಪೆಂಡಾಲಿನೊಳಗೆ ಡೋಲಿನ ಸಾಲನ್ನು ನಿಲ್ಲಿಸಿ, ಕೈ ತನ್ನಷ್ಟಕ್ಕೆ ಮಾಡುವ ಅಭ್ಯಾಸದಂತೆ ಒಂದೊಂದಕ್ಕೂ ಮೈಕು ಇಟ್ಟರು, ವಯರು ಎಳೆದರು. ಆಮೇಲೆ ಒಂದೊಂದು ಮೈಕಿನ ದನಿಯನ್ನು ಏರಿಸಿ ಇಳಿಸುವ ಮಿಕ್ಸರಿನ ಮುಚ್ಚಳ ತೆಗೆದು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವವರಂತೆ ಸುತ್ತ ನಿಂತರು. ಮೇಲೆ ಕೆಳಗೆ ಸರಿಯುವ ಗುಂಡಿಗಳೆಲ್ಲ ಶನಿವಾರ ಮರೊಲೊಪನ ಬೆರಳು ಬಿಟ್ಟ ಜಾಗದಲ್ಲೇ ಇದ್ದವು.

"ಡೋಲಿನ ಗುಂಡಿಗಳನ್ನ ಕೆಳಗೆ ಎಳೀಬೇಕಲ್ವಾ?" ಎಂದ ಒಬ್ಬ.

"ಎಳಿ ಮತ್ತೆ."

"ನಾನ್ಯಾಕೆ? ನೀನೇ ಎಳಿ."

"ಬ್ಯಾಡ ಕಣೋ," ಎಂದ ಸಹಾತ. "ಇದು ಅವನು ಮಾಡಿದ ಕೊನೇ ಕೆಲಸ. ಹಂಗೇ ಇರ್ಲಿ."

ಹಾಗೇ ಇತ್ತು. ಮಿಕ್ಸರಿನ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲೂ ಯಾರೂ ಕೂರಲಿಲ್ಲ.

*

ಸಾವಿನ ಮನೆಯಲ್ಲಿ ಅಡುಗೆಯ ಭಾರ ಯಾವಾಗಲೂ ಮನೆಮಗಳಂದಿರದು. ಆ ಕುಲದಲ್ಲಿ ಹುಟ್ಟಿ ಬೇರೆ ಕುಲಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬಂದು ಹಿತ್ತಿಲಲ್ಲಿ ಒಲೆ ಹೂಡಿ ಹಂದಿ ಬೇಯಿಸಬೇಕು, ಅನ್ನ ಬಸಿಯಬೇಕು. ಮುಂದಿನ ಅಂಗಳದಲ್ಲಿ ಡೋಲು, ಕುಣಿತ, ಹಿರಿಯರ ಆಶೀರ್ವಾದ. ಹಿಂದೆ ಬರೀ ಹೊಗೆ. ತಿಯೊಲಿನಾ ಮದುವೆಯಾದ ಹೊಸತರಲ್ಲಿ ಒಂದು ಸಾವಿನ ಮನೆಯಲ್ಲಿ ಅವಳ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದ ಮುದುಕಿ, ಸತ್ತವಳ ಸ್ವಂತ ತಂಗಿ, ಗಳಿಗೆಗೊಮ್ಮೆ ಕತ್ತೆತ್ತಿ, "ಈಗೇನು ನಡೀತಿದೆ? ಅಕ್ಕನ್ನ ಎತ್ತಿಬಿಟ್ರಾ?" ಎಂದು ಕೇಳುತ್ತಿದ್ದಳು. ನೀರು ಕುಡಿಯಲು ಬಂದ ಮರೊಲೊಪ್ ಅದನ್ನು ಕೇಳಿಸಿಕೊಂಡ. ಲೋಟ ಇಟ್ಟು ಹೋದ.

ಮುಂದಿನ ಸಾವಿನ ಮನೆಗೆ ಬರುವಾಗ ಒಂದು ಪುಟ್ಟ ಸ್ಪೀಕರು ಹೆಚ್ಚಿಗೆ ತಂದ. ಹಿತ್ತಿಲ ಹಲಸಿನ ಕೊಂಬೆಗೆ ಕಟ್ಟಿ, ಅದರ ಮುಖವನ್ನು ಒಲೆಗಳ ಕಡೆ ತಿರುಗಿಸಿದ. ಮನೆಯ ಯಜಮಾನ ರೇಗಿದ: "ಮುಂದೆ ಅಷ್ಟು ಜನ ಇದಾರೆ, ಸ್ಪೀಕರ್ ತಗೊಂಡೋಗಿ ಅಡುಗೆಯವರಿಗೆ ಕಟ್ತೀಯಲ್ಲೋ!"

"ಅಳೋರು ಹಿಂದೆ ಇದಾರೆ ಯಜಮಾನ್ರೇ. ಮುಂದೆ ಇರೋರು ಊಟಕ್ಕೆ ಕಾಯ್ತಿದಾರೆ," ಎಂದನಂತೆ ಮರೊಲೊಪ್.

ಅಂದಿನಿಂದ ಅದಕ್ಕೆ 'ಅಡುಗೆಯವರ ಡಬ್ಬ' ಎಂದೇ ಹೆಸರಾಯಿತು. ಎಷ್ಟೇ ದೊಡ್ಡ ಕಾರ್ಯವಾಗಲಿ, ಅವನು ಮೊದಲು ಕಟ್ಟುತ್ತಿದ್ದದ್ದು ಅದನ್ನೇ. ಕಟ್ಟಿ, ಒಲೆಗಳ ನಡುವೆ ಬಂದು ನಿಂತು, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಕೇಳುತ್ತಿದ್ದ: "ಕೇಳಿಸ್ತಾ ಅಕ್ಕಂದ್ರಾ?" ಅವರು ಹೂಂ ಎಂದ ಮೇಲೆಯೇ ಮುಂದಿನ ಅಂಗಳದ ಕೆಲಸ.

ಇನ್ನು ಆ ಟವೆಲು. ಅದು ಸದಾ ಅವನ ಹೆಗಲ ಮೇಲೆ. ಬೆವರು ಒರೆಸಿಕೊಳ್ಳಲು ಎಂದು ನೋಡಿದವರು ತಿಳಿಯುತ್ತಿದ್ದರು. ಪಾದ್ರಿಗಳು ಪ್ರಾರ್ಥನೆಗೆ ಎದ್ದರೆ, ಹಿರಿಯರು ಮಾತಿಗೆ ನಿಂತರೆ, ಮರೊಲೊಪ್ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಡೋಲುಗಳ ಮೇಲೆ ಅದನ್ನು ಉದ್ದಕ್ಕೆ ಹಾಸಿಬರುತ್ತಿದ್ದ. ಯಾಕೆ ಎಂದು ತಿಯೊಲಿನಾ ಒಮ್ಮೆ ಕೇಳಿದಳು.

"ಡೋಲಿಗೆ ಕಿವಿ ಇದೆ ಅಕ್ಕ. ತನ್ನ ಶ್ರುತಿಯ ದನಿ ಕೇಳಿದ್ರೆ ಸುಮ್ಮನಿರಲ್ಲ, ತಾನೂ ಗುಂಯ್ ಅನ್ನುತ್ತೆ. ಅದನ್ನ ಮೈಕು ಹಿಡ್ಕೊಳ್ಳುತ್ತೆ, ಸ್ಪೀಕರ್ ದೊಡ್ಡದು ಮಾಡುತ್ತೆ, ಅದು ಕೇಳಿ ಡೋಲು ಇನ್ನಷ್ಟು. ಪಾದ್ರಿಗಳ ದನಿಗೆ ಎರಡನೇದು ಏಳುತ್ತೆ. ದೊಡ್ಡಪ್ಪ ಕೆಮ್ಮಿದ್ರೆ ದೊಡ್ಡದು ಎದ್ದು ಕೂತ್ಕೊಳ್ಳುತ್ತೆ." ಅವನು ನಕ್ಕ. "ನಂಬಿಕೆ ಇಲ್ವಾ? ಬಾ, ಅದರ ಮುಂದೆ ನಿಂತು ಒಂದು ಸಲ ಆ ಅನ್ನು."

ಅವಳು ನಾಚಿಕೊಂಡೇ ಬಾಗಿ, ಆ ಎಂದು ದನಿ ಎಳೆದು ನಿಲ್ಲಿಸಿದಳು. ಅವಳು ನಿಲ್ಲಿಸಿದ ಮೇಲೂ ಅದು ನಿಲ್ಲಲಿಲ್ಲ. ಯಾರೂ ಮುಟ್ಟದ ಚರ್ಮದ ಒಳಗಿಂದ ಅವಳದೇ ದನಿ, ಅವಳಿಗಿಂತ ಹಳೆಯದಾಗಿ, ಅಜ್ಜಿ ಗುನುಗಿದ ಹಾಗೆ ಬರುತ್ತಿತ್ತು. ತಿಯೊಲಿನಾಳ ಮೈಯೆಲ್ಲ ಜುಮ್ಮೆಂದಿತು. ಚರ್ಚಿನಲ್ಲೂ ಅವಳಿಗೆ ಅಂಥ ಭಯಭಕ್ತಿ ಎಂದೂ ಆಗಿರಲಿಲ್ಲ.

"ನಿನ್ನ ದನಿಗೆ ಆರೂ ಏಳ್ತವೆ ಅಕ್ಕ," ಎಂದು ಮರೊಲೊಪ್ ಮೆಲ್ಲಗೆ ಹೇಳಿದ. "ಅಮ್ಮ ಹೋದಾಗ ನೀನು ಹಾಡ್ಕೊಂಡು ಅತ್ತ್ಯಲ್ಲ, ಅವತ್ತು ಟವೆಲನ್ನ ಎರಡು ಮಡಿಕೆ ಮಾಡಿ ಹಾಕಿದ್ದೆ."

*

"ಡಬ್ಬ ಕಟ್ಟಿದಾರಾ ಇವತ್ತು?" ಹಿತ್ತಿಲಿನಿಂದ ಲಮ್ರಿಯಾ ಕೂಗಿ ಕೇಳಿದಳು. ಅವಳು ಚಿಕ್ಕಪ್ಪನ ಮಗಳು. ಅಕ್ಕನಾದ ತಿಯೊಲಿನಾ ಪೆಟ್ಟಿಗೆಯ ಪಕ್ಕ ಕೂರಬೇಕಾದ್ದರಿಂದ ಒಲೆಯ ಉಸ್ತುವಾರಿ ಇಂದು ಅವಳದು.

"ಎಲ್ಲಕ್ಕಿಂತ ಮೊದಲು ಅದನ್ನೇ ಕಟ್ಟಿದ್ದು," ಎಂದ ಸಹಾತ. "ಕೇಳಿಸ್ತಾ?"

ಹಿತ್ತಿಲಿನಿಂದ ಲಮ್ರಿಯಾ, "ನೀನು ಹಂಗೆ ಕೇಳಬ್ಯಾಡ ಮಾರಾಯಾ. ಅವನ ಹಂಗೇ ಕೇಳಿಸುತ್ತೆ," ಎಂದಳು.

ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಪೆಂಡಾಲಿನ ನಡುವೆ ಇಟ್ಟರು. ಸೋದರಮಾವನ ಮಗ ಬಂದು ನೇಯ್ದ ಕಪ್ಪು ಶಾಲನ್ನು ಮರೊಲೊಪನಿಗೆ ಎದೆಯವರೆಗೆ ಹೊದಿಸಿದ. ಕುಲದವರು ಮಾತಾಡಿದರು, ತಾಯಿಯ ಕಡೆಯವರು ಮಾತಾಡಿದರು. ಮಕ್ಕಳು ಮಾತಾಡಬೇಕಾದ ಸರದಿ ಬಂದಾಗ ಓಂಪು ಗಾಬೆ ಮೈಕಿನ ಮುಂದೆ ನಿಂತವರು ಸುಮ್ಮನೆ ಸರೋವರದ ಕಡೆ ನೋಡಿದರು. ಅವರು ಕಟ್ಟಳೆಯಲ್ಲಿ ಒಂದನ್ನೂ ಬಿಡುವವರಲ್ಲ; ಮಾತಾಡುವವರು ಇಲ್ಲದಿದ್ದರೂ ಸರದಿಗೆ ಅದರ ಜಾಗ ಕೊಡಬೇಕಿತ್ತು. ಎಲ್ಲರೂ ಕಾದರು. ಸ್ಪೀಕರುಗಳಲ್ಲಿ ಗಾಳಿಯ ಸದ್ದು ಮಾತ್ರ ಬರುತ್ತಿತ್ತು.

ಪಾದ್ರಿಗಳು ಎದ್ದು ಪ್ರಾರ್ಥನೆ ಶುರುಮಾಡಿದರು. ಗಡುಸು ದನಿಯ ಮನುಷ್ಯ. "ನಮ್ಮನ್ನು ಕಾಯುವ ತಂದೆಯೇ" ಎಂದು ಅವರು ದನಿ ಇಳಿಸಿದ ಕೂಡಲೇ ಎಲ್ಲಿಂದಲೋ ಗುಂಯ್ ಎಂದಿತು. ಪಾದ್ರಿಗಳು ಬೆಚ್ಚಿ ಕಣ್ಣು ಬಿಟ್ಟರು. ಜನ ತಿರುಗಿ ನೋಡಿದರು.

"ಯಾರೋ ಅದು ಬಾರಿಸಿದ್ದು?" ಓಂಪು ಗಾಬೆ ಗುಡುಗಿದರು.

"ಯಾರೂ ಇಲ್ಲ ಅಜ್ಜ. ಕೈ ನೋಡಿ ಬೇಕಾದ್ರೆ." ಸಹಾತನೂ ಉಳಿದವರೂ ಪೊಲೀಸರ ಮುಂದೆ ನಿಂತವರಂತೆ ಎರಡೂ ಅಂಗೈ ಎತ್ತಿ ತೋರಿಸಿದರು. "ಅದು ತಾನಾಗೇ ಅಂದಿದ್ದು. ದಿನಾ ಅವನು ಬಟ್ಟೆ ಹಾಸ್ತಿದ್ದ. ಇವತ್ತು ಹಾಸೋರಿಲ್ಲ."

ಬಟ್ಟೆ ಎಲ್ಲಿದೆ ಎಂದು ಯಾರೂ ಕೇಳಬೇಕಿರಲಿಲ್ಲ. ತಿಯೊಲಿನಾಳ ಮಡಿಲಲ್ಲಿ ಇತ್ತು. ಪೆಟ್ಟಿಗೆ ಮುಚ್ಚುವ ಮೊದಲು ಅವನ ತಲೆಯ ಕೆಳಗೆ ಇಡೋಣ ಎಂದು ಅವಳು ಬೆಳಗಿನಿಂದ ಹಿಡಿದುಕೊಂಡಿದ್ದಳು. ಎಲ್ಲರ ಕಣ್ಣು ತನ್ನ ಕೈಗೆ ಬಂದಾಗ ಅವಳಿಗೇ ತಿಳಿಯದಂತೆ ಬೆರಳು ಬಿಗಿಯಾದವು.

"ಇರಲಿ ಬಿಡಿ," ಎಂದರು ಪಾದ್ರಿಗಳು. "ಸ್ವಲ್ಪವೇ ಉಳಿದಿದೆ." ಉಳಿದದ್ದನ್ನು ಅವರು ದನಿಯ ಶ್ರುತಿ ಏರಿಸಿ, ಡೋಲನ್ನು ಎಚ್ಚರಿಸದ ಹಾಗೆ, ಅವಸರವಾಗಿ ಮುಗಿಸಿದರು.

*

ಹೋದ ವರ್ಷ ಶಾಲೆಯ ಮೇಷ್ಟ್ರಮ್ಮ ತೀರಿಕೊಂಡಾಗಲೂ ಇದೇ ಕಟ್ಟಳೆ. ಆಕೆಗೂ ಮದುವೆಯಾಗಿರಲಿಲ್ಲ. ಊರಿನ ಅರ್ಧಕ್ಕರ್ಧ ಮಂದಿಗೆ ಅಕ್ಷರ ಕಲಿಸಿದವಳು. ಅವಳಿಂದ ಓದು ಕಲಿತ ಗಂಡಸರು ಗುಂಪಾಗಿ ಬಂದು ಮರೊಲೊಪನಿಗೆ ದುಂಬಾಲು ಬಿದ್ದಿದ್ದರು: ಒಂದು ಹಾಡಾದರೂ ಬಾರಿಸೋಣ, ನೀನು ಸೆಟ್ಟು ಹಚ್ಚು ಸಾಕು, ಅಜ್ಜನ್ನ ನಾವು ನೋಡಿಕೊಳ್ಳುತ್ತೇವೆ ಎಂದು. ಮರೊಲೊಪ್ ತಾನೇ ಹೋಗಿ ಜನರೇಟರು ಆರಿಸಿ, ಅದರ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಿದ್ದ. ಆ ಮಧ್ಯಾಹ್ನ ಕೆಲವರು ಅವನ ಮುಖದ ಮೇಲೆಯೇ ಉಗಿದು ಹೋದರು.

ಮನೆಗೆ ಬರುವ ದಾರಿಯಲ್ಲಿ ತಿಯೊಲಿನಾ ತಡೆಯಲಾರದೆ ಕೇಳಿದಳು. "ನಿನಗೂ ಹೀಗೇ ಆಗುತ್ತಲ್ಲೋ ನಾಳೆ?"

"ಆಗಲಿ."

"ನಾನು ದೊಡ್ಡಪ್ಪನ ಹತ್ರ ಮಾತಾಡ್ತೀನಿ. ನಿನಗೆ ಮಾತ್ರ ಅಂತ ಕೇಳ್ಕೋತೀನಿ. ನಿನ್ನಷ್ಟು ಈ ಊರಿಗೆ ಯಾರು ಮಾಡಿದಾರೆ?"

ಮರೊಲೊಪ್ ದಾರಿಯಲ್ಲೇ ನಿಂತುಬಿಟ್ಟ. ಅವನು ಸಿಟ್ಟಾಗುವುದು ಕಡಿಮೆ, ಆವತ್ತು ಆಗಿದ್ದ. "ಅಕ್ಕ, ಮೇಷ್ಟ್ರಮ್ಮನಿಗೆ ಕರೆಂಟು ತೆಗೆದ ಕೈ ಇದು. ನನಗೋಸ್ಕರ ನೀನು ಕಟ್ಟಳೆ ಮುರಿಸಿದ್ರೆ ಅಲ್ಲಿ ಮೇಲೆ ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ಕೇಳಲ್ಲ ಅಂತ ಮಾತು ಕೊಡು."

ಅವಳು ಮಾತು ಕೊಟ್ಟಿದ್ದಳು.

*

ಬಡಗಿ ಪೆಟ್ಟಿಗೆಯ ಮುಚ್ಚಳ ತಂದು ಪಕ್ಕಕ್ಕೆ ಒರಗಿಸಿ, ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ನಿಂತ. ಇನ್ನು ಹೆಂಗಸರು ಹಾಡಿಕೊಂಡು ಅಳುವ ಹೊತ್ತು. ಬ್ಯಾಂಡು, ಕೀಬೋರ್ಡು ಬಂದ ಮೇಲೆ ಅದನ್ನು ಕಲಿಯುವವರೇ ಇಲ್ಲವಾಗಿ, ಸುತ್ತಿನಲ್ಲಿ ಈಗ ಹಾಗೆ ಅಳಬಲ್ಲವಳು ತಿಯೊಲಿನಾ ಒಬ್ಬಳೇ. ಅದಕ್ಕೆ ಮಾತ್ರ ಯಾವ ಕಟ್ಟಳೆಯ ತಡೆಯೂ ಇಲ್ಲ. ಮಕ್ಕಳಿಲ್ಲದವನಿಗೂ ಅಕ್ಕ ಇರುತ್ತಾಳೆ.

ಸಹಾತ ಎದ್ದು ಬಂದು ಒಂದು ಮೈಕನ್ನು ಅವಳ ಮುಂದೆ, ಬಾಯಿಂದ ಒಂದು ಗೇಣು ದೂರಕ್ಕೆ ಇಟ್ಟ. ಅಮ್ಮನ ಸಾವಿನಲ್ಲಿ ಮರೊಲೊಪ್ ಇಟ್ಟದ್ದೂ ಅಷ್ಟೇ ದೂರಕ್ಕೆ. ಆಮೇಲೆ ಹೋಗಿ ಡೋಲಿನ ಹಿಂದೆ ತನ್ನ ಜಾಗದಲ್ಲಿ ಕೂತ.

ತಿಯೊಲಿನಾ ತಮ್ಮನ ಹಣೆ ಮುಟ್ಟಿದಳು. ತಣ್ಣಗಿತ್ತು.

"ಇತೋ..." ಎಂದು ಕರೆದಳು. ಅಕ್ಕ ತಮ್ಮನನ್ನೂ, ತಮ್ಮ ಅಕ್ಕನನ್ನೂ ಕರೆಯಲು ಅವರಲ್ಲಿ ಇರುವುದು ಅದೊಂದೇ ಪದ. "ಇತೋ, ಅರ್ಧ ಸುತ್ತಿದ ವಯರು ಬಿಟ್ಟು ಎಲ್ಲಿಗೆ ಹೊರಟೆಯೋ... ಊರು ಅತ್ತಿದ್ದನ್ನ ಊರಿಗೆಲ್ಲ ಮುಟ್ಟಿಸಿದೋನೇ, ನಿನಗೆ ಅತ್ತಿದ್ದನ್ನ ನಿನಗೆ ಮುಟ್ಟಿಸೋರು ಯಾರೋ..."

ಅವಳ ದನಿ ಪೆಂಡಾಲು ದಾಟಿ, ಗದ್ದೆ ದಾಟಿ, ಸರೋವರದ ನೀರಿನ ಮೇಲೆ ಹರಿಯಿತು. ದೋಣಿಯಲ್ಲಿ ಬಲೆ ಎಳೆಯುತ್ತಿದ್ದ ಇಬ್ಬರು ಕೈ ನಿಲ್ಲಿಸಿದ್ದು ದಡಕ್ಕೆ ಕಾಣುತ್ತಿತ್ತು. ಉಸಿರು ತೆಗೆದುಕೊಳ್ಳಲು ಅವಳು ನಿಂತಳು.

ದನಿ ನಿಲ್ಲಲಿಲ್ಲ.

ಮೊದಲು ಸಣ್ಣ ಡೋಲು, ಆಮೇಲೆ ಅದರ ಪಕ್ಕದ್ದು, ಕೊನೆಗೆ ದೊಡ್ಡದು. ಒಂದೊಂದಾಗಿ ಎದ್ದು, ಅವಳು ಬಿಟ್ಟ ಜಾಗದಿಂದ ಅವಳ ಅಳುವನ್ನು ಎತ್ತಿಕೊಂಡವು. ಸದ್ದು ನೆಲದಿಂದ ಬಂದು ಅಂಗಾಲಿಗೆ ತಾಕುತ್ತಿತ್ತು. ಕುರ್ಚಿಗಳ ಕಬ್ಬಿಣ ಸಣ್ಣಗೆ ನಡುಗಿತು. ಬಡಗಿಯ ಬಾಯಿಂದ ಒಂದು ಮೊಳೆ ಕೆಳಗೆ ಬಿತ್ತು. ಸಹಾತನೂ ಅವನ ಕಡೆಯವರೂ ಅಂಗೈಗಳನ್ನು ಮೇಲೆ ಮಾಡಿ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಅವರು ಕೈ ಎತ್ತಲಿಲ್ಲ.

ತಿಯೊಲಿನಾಗೆ ಭಯವಾಯಿತು. ಭಯಕ್ಕಿಂತ ದೊಡ್ಡದೂ ಏನೋ ಆಯಿತು. ನಾನು ಕೇಳಲಿಲ್ಲ, ಮಾತು ಮುರಿಯಲಿಲ್ಲ, ಆದರೂ ಬಂತು ಎಂದುಕೊಂಡಳು. ಅವಳು ಮತ್ತೆ ದನಿ ಎತ್ತಿದಾಗ ಆರು ಡೋಲುಗಳೂ ಅವಳನ್ನು ಕೆಳಗಿಂದ ಎತ್ತಿ ಹಿಡಿದವು.

ಓಂಪು ಗಾಬೆ ಎದ್ದರು. ಊರುಗೋಲು ಊರಿಕೊಂಡು ಪೆಟ್ಟಿಗೆಯ ಹತ್ತಿರ ಬಂದು, ಅವಳ ಮುಂದೆ ಕೈ ಚಾಚಿದರು. ತಿಯೊಲಿನಾ ಹಾಡುವುದನ್ನು ನಿಲ್ಲಿಸಲಿಲ್ಲ. ಹಾಡುತ್ತಲೇ ಅವರ ಮುಖ ನೋಡಿದಳು, ಬಿಗಿಹಿಡಿದ ಬೆರಳುಗಳನ್ನು ಸಡಿಲಿಸಿದಳು, ಟವೆಲನ್ನು ಅವರ ಕೈಗೆ ಕೊಟ್ಟಳು. ತಮ್ಮ ಬದುಕಿದ್ದಿದ್ದರೂ ಅದನ್ನೇ ಮಾಡುತ್ತಿದ್ದ.

ಅಜ್ಜ ಡೋಲುಗಳ ಮುಂದೆ ಹೋಗಿ ನಿಂತರು. ಟವೆಲನ್ನು ಬಿಡಿಸಿ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದರು. ಇಳಿಸಿದರೆ ಚರ್ಮಕ್ಕೆ ತಾಕುತ್ತದೆ, ತಾಕಿದರೆ ನಿಲ್ಲುತ್ತದೆ. ಹಿತ್ತಿಲಿನಲ್ಲಿ ಹಲಸಿನ ಕೊಂಬೆಯ ಕೆಳಗೆ ಸೌಟು ಹಿಡಿದ ಹೆಂಗಸರು ಹಂಡೆಗಳನ್ನು ಮರೆತು ತಲೆ ಎತ್ತಿ ನಿಂತಿದ್ದರು. ಅನ್ನ ಸೀಯುವ ವಾಸನೆ ಅಂಗಳದವರೆಗೆ ಬರುತ್ತಿತ್ತು. ಅಜ್ಜನ ಕೈಯಲ್ಲಿದ್ದ ಬಟ್ಟೆ ಡೋಲುಗಳಿಂದ ಏಳುತ್ತಿದ್ದ ಸದ್ದಿಗೆ ಸಣ್ಣಗೆ ಅದುರುತ್ತಿತ್ತು.

ಅವರು ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಟವೆಲನ್ನು ನಿಧಾನವಾಗಿ ಮಡಿಚಿ, ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಮಿಕ್ಸರಿನ ಹಿಂದೆ ಖಾಲಿ ಇದ್ದ ಪ್ಲಾಸ್ಟಿಕ್ ಕುರ್ಚಿಯವರೆಗೆ ನಡೆದು, ಅದರಲ್ಲಿ ಕೂತರು. ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಎರಡೂ ಕೈ ಊರುಗೋಲಿನ ತುದಿಯ ಮೇಲಿದ್ದವು. ಅವರ ಮುಂದೆ, ಮರೊಲೊಪ್ ಬಿಟ್ಟುಹೋದ ಗುಂಡಿಗಳ ಸಾಲಿನ ಮೇಲೆ, ಪುಟ್ಟ ಹಸಿರು ದೀಪಗಳು ತಿಯೊಲಿನಾಳ ಉಸಿರಿನ ಜೊತೆ ಏರುತ್ತ ಇಳಿಯುತ್ತ ಇದ್ದವು.